ಖಬರು ಹೇಳಿಕೊಡುವ ಬಗೆ: ಶಾಲೆಯಲ್ಲಿ ಗಮನ ಮತ್ತು ಭಾವನೆಯ ಪಾಠ

"ಮೈಮ್ಯಾಲೆ ಖಬರೈತೇನೋ ನಿನಗ?" ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಬೆಳೆದ ಯಾವ ಮಗುವಿಗೂ ಈ ಮಾತು ಹೊಸದಲ್ಲ. ಹಾಲಿನ ಲೋಟ ಚೆಲ್ಲಿದಾಗ, ಹಲಗೆ ಬಿಟ್ಟು ಕಿಟಕಿಯಾಚೆ ನೋಡುತ್ತಾ ಕೂತಾಗ, ಓಡಿ ಬಂದು ಇನ್ನೊಬ್ಬರಿಗೆ ಡಿಕ್ಕಿ ಹೊಡೆದಾಗ ದೊಡ್ಡವರ ಬಾಯಿಂದ ಬರುವುದು ಇದೇ. ಖಬರು ಎಂದರೆ ಎಚ್ಚರ. ಈಗ, ಇಲ್ಲಿ, ನನ್ನ ಒಳಗೂ ಹೊರಗೂ ಏನಾಗುತ್ತಿದೆ ಎಂಬ ಅರಿವು. ಮೈಂಡ್‌ಫುಲ್‌ನೆಸ್ ಎಂದು ತರಬೇತಿಗಳಲ್ಲಿ ಹೇಳುವ ಸಂಗತಿಗೆ ಇಷ್ಟು ಹತ್ತಿರದ ಪದ ನಮ್ಮ ಬಾಯಲ್ಲೇ ಇದೆ. ಆದರೆ ಮಗುವಿನ ಕಿವಿಗೆ ಅದು ಬೀಳುವುದು ಬೈಗುಳವಾಗಿ ಮಾತ್ರ. ಖಬರಿರಬೇಕು ಎಂದು ಎಲ್ಲರೂ ಗದರುತ್ತಾರೆ. ಅದನ್ನು ತಂದುಕೊಳ್ಳುವುದು ಹೇಗೆ ಎಂದು ಹೇಳಿಕೊಡುವವರು ಕಡಿಮೆ. ಮಗ್ಗಿ ಕಲಿಸದೆಯೇ "ಲೆಕ್ಕ ಬರಂಗಿಲ್ಲೇನು" ಎಂದು ಕೇಳಿದ ಹಾಗೆ ಇದು.

ಗಮನವೂ ಸಿಟ್ಟಿನ ನಿಭಾವಣೆಯೂ ಮಗ್ಗಿಯ ಹಾಗೇ ಕಲಿಸಬಹುದಾದ ಕೌಶಲಗಳು. ಚಿಕ್ಕ ಚಿಕ್ಕ ಹೆಜ್ಜೆ, ದಿನವೂ ತುಸು ರೂಢಿ, ತಪ್ಪಿದಾಗ ತಿದ್ದುವುದು, ಬೇಕಿರುವುದು ಇಷ್ಟೇ. ಮುಂದಿನದು ಈ ಮೂರು ಜಿಲ್ಲೆಗಳ ಸರ್ಕಾರಿ ಶಾಲೆಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದದ್ದು. ಒಂದು ಕೋಣೆಯಲ್ಲಿ ನಲವತ್ತು ಮಕ್ಕಳು, ಪಕ್ಕದ ಕೋಣೆಯ ಗದ್ದಲ, ಒಬ್ಬರೇ ಶಿಕ್ಷಕರಿಗೆ ಎರಡು ತರಗತಿ, ಅದರ ಮೇಲೆ ಬಿಸಿಲು. ಚಾಪೆ, ನಿಶ್ಶಬ್ದ ಕೊಠಡಿ, ಆಪ್ತ ಸಮಾಲೋಚಕರು ಇದ್ದಾರೆ ಎಂದು ಇಲ್ಲಿ ಎಲ್ಲೂ ಊಹಿಸಿಲ್ಲ.

ಎರಡು ಬೇರೆ ಸಂಗತಿಗಳು

ಮೈಂಡ್‌ಫುಲ್‌ನೆಸ್ ಮತ್ತು ಸಾಮಾಜಿಕ-ಭಾವನಾತ್ಮಕ ಕಲಿಕೆ, ಇವೆರಡನ್ನೂ ಬೆರೆಸಿ ಒಂದೇ ಎನ್ನುವಂತೆ ಹೇಳುವುದುಂಟು. ಎರಡರ ಬೇರೂ ಬೇರೆ. ಬೌದ್ಧ ಧ್ಯಾನದ ರೂಢಿಯಿಂದ ಧಾರ್ಮಿಕ ಭಾಗವನ್ನು ಬಿಟ್ಟು, ಗಮನದ ಅಭ್ಯಾಸವನ್ನಷ್ಟೇ ತೆಗೆದುಕೊಂಡು ಜಾನ್ ಕಬಾಟ್-ಝಿನ್ ಎಂಬುವರು 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಕೆಲವು ವಾರಗಳ ತರಬೇತಿ ಕಟ್ಟಿದರು. ಅದು ಬಹುಕಾಲದ ನೋವಿನಿಂದ ಬಳಲುವ ವಯಸ್ಕ ರೋಗಿಗಳಿಗೆಂದು ಮಾಡಿದ್ದು. ಶಾಲೆಗೆ ಬಂದದ್ದು ಅದರ ಎಷ್ಟೋ ವರ್ಷಗಳ ನಂತರ. ದೊಡ್ಡವರಿಗೆ ಹೊಲಿದ ಅಂಗಿಯನ್ನು ಮಕ್ಕಳಿಗೆ ತೊಡಿಸುವಾಗ ಎಲ್ಲಿ ಮಡಿಸಬೇಕು, ಎಲ್ಲಿ ಕತ್ತರಿಸಬೇಕು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಇನ್ನೊಂದು ಹುಟ್ಟಿದ್ದೇ ಶಾಲೆಗಾಗಿ. 1994ರಲ್ಲಿ ಅಮೆರಿಕದಲ್ಲಿ ಶುರುವಾದ ಕ್ಯಾಸಲ್ ಎಂಬ ಸಂಸ್ಥೆ ಅದನ್ನು ಐದು ಕೌಶಲಗಳಾಗಿ ವಿಂಗಡಿಸಿತು: ತನ್ನನ್ನು ತಾನು ಅರಿಯುವುದು, ತನ್ನನ್ನು ತಾನು ಸಂಭಾಳಿಸುವುದು, ಇನ್ನೊಬ್ಬರ ಮನಸ್ಸು ತಿಳಿಯುವುದು, ಸಂಬಂಧ ಬೆಳೆಸಿ ಉಳಿಸಿಕೊಳ್ಳುವುದು, ಹೊಣೆಯರಿತು ತೀರ್ಮಾನಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಜೀವನ ಕೌಶಲಗಳ ಪಟ್ಟಿಯೂ ಇದೇ ಜಾಡಿನದು. ಬೆಂಗಳೂರಿನ ನಿಮ್ಹಾನ್ಸ್ ಅದನ್ನು ಆಧರಿಸಿ ಶಾಲಾ ಶಿಕ್ಷಕರಿಗೆ ತರಬೇತಿ ರೂಪಿಸಿದೆ. ಗಮನದ ಅಭ್ಯಾಸ ಈ ಐದರಲ್ಲಿ ಮೊದಲೆರಡಕ್ಕೆ ಒದಗುವ ಒಂದು ಸಲಕರಣೆ, ಅಷ್ಟೇ. ಕುಡಗೋಲು ಚೂಪಾಗಿದ್ದ ಮಾತ್ರಕ್ಕೆ ಸುಗ್ಗಿ ಮುಗಿಯುವುದಿಲ್ಲ.

ಈ ಭೇದ ಯಾಕೆ ಮುಖ್ಯ ಎನ್ನುವುದು ಸಂಶೋಧನೆಯ ಫಲಿತಾಂಶ ನೋಡಿದರೆ ತಿಳಿಯುತ್ತದೆ. ಸಾಮಾಜಿಕ-ಭಾವನಾತ್ಮಕ ಕಲಿಕೆಯ 213 ಶಾಲಾ ಕಾರ್ಯಕ್ರಮಗಳನ್ನು, 2,70,000ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 2011ರಲ್ಲಿ ಪ್ರಕಟವಾಯಿತು. ಕಾರ್ಯಕ್ರಮಕ್ಕೆ ಒಳಪಟ್ಟ ಮಕ್ಕಳ ಓದಿನಲ್ಲಿ 11 ಪರ್ಸೆಂಟೈಲ್ ಅಂಕಗಳ ಏರಿಕೆ ಕಂಡಿತ್ತು. ಅಂದರೆ ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಕೆಳಗಿನಿಂದ 50ನೆಯ ಜಾಗದಲ್ಲಿ ಇರಬೇಕಾದ ಮಗು 61ನೆಯ ಜಾಗಕ್ಕೆ ಬಂದಂತೆ. ಆ ಕಾರ್ಯಕ್ರಮಗಳಲ್ಲಿ ಬಹುಪಾಲು ಅಮೆರಿಕದವು ಎಂಬುದನ್ನು ಮರೆಯಬಾರದು. ಆದರೂ ಚೆನ್ನಾಗಿ ಫಲಿಸಿದವುಗಳಲ್ಲಿ ಕಂಡ ನಾಲ್ಕು ಗುಣಗಳು ಎಲ್ಲಿಗೂ ಸಲ್ಲುವಂಥವು: ಪಾಠಗಳು ಒಂದರ ಮೇಲೊಂದು ಕ್ರಮವಾಗಿ ಬರುತ್ತಿದ್ದವು, ಮಕ್ಕಳು ಕೇಳುತ್ತಾ ಕೂರದೆ ಮಾಡುತ್ತಿದ್ದರು, ಅದಕ್ಕೆಂದೇ ಸಮಯ ಎತ್ತಿಟ್ಟಿತ್ತು, ಯಾವ ಕೌಶಲ ಕಲಿಸುತ್ತಿದ್ದೇವೆ ಎಂಬುದು ಸ್ಪಷ್ಟವಾಗಿತ್ತು.

ಮೈಂಡ್‌ಫುಲ್‌ನೆಸ್ ಒಂದನ್ನೇ ಪಾಠವಾಗಿ ಕೊಟ್ಟಾಗ ಏನಾಯಿತು? ಬ್ರಿಟನ್ನಿನಲ್ಲಿ 85 ಶಾಲೆಗಳ, 11ರಿಂದ 14 ವಯಸ್ಸಿನ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಮಿರಿಯಡ್ ಅಧ್ಯಯನದ ಫಲಿತಾಂಶ 2022ರಲ್ಲಿ ಹೊರಬಂತು. ಎಂದಿನ ಪಾಠ ಕಲಿತ ಮಕ್ಕಳಿಗಿಂತ ಈ ಮಕ್ಕಳ ಮಾನಸಿಕ ಆರೋಗ್ಯ ಏನೂ ಉತ್ತಮವಾಗಿರಲಿಲ್ಲ. ಮೊದಲೇ ಮನಸ್ಸಿನ ತೊಂದರೆಯ ಅಂಚಿನಲ್ಲಿದ್ದ ಮಕ್ಕಳಲ್ಲಿ ಫಲ ತುಸು ಕೆಟ್ಟದ್ದರ ಕಡೆಗೇ ವಾಲಿತ್ತು. ಪಾಠದ ಹೊರಗೆ ಅಭ್ಯಾಸ ಮಾಡಿದ ಮಕ್ಕಳು ಬಹಳ ಕಡಿಮೆ. ಅದೇ ಅಧ್ಯಯನದಲ್ಲಿ ತರಬೇತಿ ಪಡೆದ ಶಿಕ್ಷಕರ ಬಳಲಿಕೆ ಮಾತ್ರ ಸ್ವಲ್ಪ ಕಾಲಕ್ಕಾದರೂ ತಗ್ಗಿತ್ತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ದಾರಿ ಕಾಣುತ್ತದೆ. ಗಮನದ ಅಭ್ಯಾಸ ಚಿಕ್ಕದಾಗಿರಲಿ; ಅದು ಮೊದಲು ಶಿಕ್ಷಕರಿಗೆ ಒದಗಲಿ; ಮಕ್ಕಳಿಗೆ ಭಾವನೆಯ ಮಾತು ಮತ್ತು ಜಗಳ ಬಗೆಹರಿಸುವ ಕ್ರಮದ ಜೊತೆ ಸೇರಿ ಬರಲಿ. ಕಣ್ಣು ಮುಚ್ಚಿ ಕೂರಿಸುವ ಒಂದು ಪೀರಿಯಡ್ ಇಟ್ಟು ಕೈತೊಳೆದುಕೊಂಡರೆ ಫಲ ಸಿಗದು. ದೆಹಲಿ ಸರ್ಕಾರ ತನ್ನ ಶಾಲೆಗಳಲ್ಲಿ 2018ರ ಜುಲೈನಲ್ಲಿ ಸಂತೋಷದ ಪಠ್ಯಕ್ರಮಕ್ಕೆಂದು ಪ್ರತ್ಯೇಕ ಪೀರಿಯಡ್ಡನ್ನೇ ತಂದಿತು. ಇಲ್ಲಿ ಅಂಥ ಪೀರಿಯಡ್ ಇಲ್ಲದಿದ್ದರೂ ದಿನದಲ್ಲಿ ಮೂರು ಸಂದುಗಳು ತಾವಾಗಿಯೇ ಇವೆ: ಪ್ರಾರ್ಥನೆ ಮುಗಿದು ಒಳಬರುವ ಹೊತ್ತು, ಕ್ಷೀರಭಾಗ್ಯದ ಹಾಲಿನ ಹೊತ್ತು, ಬಿಸಿಯೂಟ ಮುಗಿದು ಮತ್ತೆ ಕೂರುವ ಹೊತ್ತು.

ಮೊದಲು ಕಿವಿ, ಆಮೇಲೆ ಉಸಿರು

ಉಸಿರಿನಿಂದಲೇ ಶುರುಮಾಡುವುದು ಸಾಮಾನ್ಯ ತಪ್ಪು. ಆರು ವರ್ಷದ ಮಗುವಿಗೆ ತನ್ನ ಉಸಿರನ್ನು ಗಮನಿಸುವುದು ಕಷ್ಟ. ಅದಕ್ಕೆ ಆಕಾರವಿಲ್ಲ, ಸದ್ದಿಲ್ಲ. ಸದ್ದು ಹಾಗಲ್ಲ, ಹೊರಗಿದೆ, ಹಿಡಿತಕ್ಕೆ ಸಿಗುತ್ತದೆ. ಹಾಗಾಗಿ ಮೊದಲ ಎರಡು ವಾರ ಕೇಳುವ ಅಭ್ಯಾಸವೇ ಸಾಕು.

ಬಿಸಿಯೂಟದ ಸ್ಟೀಲ್ ತಟ್ಟೆಯನ್ನು ಅಂಗೈ ಮೇಲಿಟ್ಟು ಬಡಿದರೆ "ಟಕ್" ಎಂದು ಸತ್ತುಹೋಗುತ್ತದೆ, ಕೈಯೇ ಕಂಪನ ಹೀರಿಬಿಡುತ್ತದೆ. ಅಂಚನ್ನು ಎರಡು ಬೆರಳಲ್ಲಿ ತೂಗುಹಾಕಿ ಹಿಡಿದು ಚಮಚದಿಂದ ಒಮ್ಮೆ ತಟ್ಟಿದರೆ ಸದ್ದು 3-4 ಸೆಕೆಂಡು ಉಳಿಯುತ್ತದೆ. ಶಾಲೆಯ ಗಂಟೆಯಾಗಿ ತೂಗುಹಾಕಿದ ರೈಲು ಹಳಿಯ ತುಂಡಿದ್ದರೆ ಇನ್ನೂ ಒಳ್ಳೆಯದು, ಅದರ ದನಿ ಬಹಳ ಹೊತ್ತು ಎಳೆಯುತ್ತದೆ. ಜಾಗಟೆ ಬೇಡ, ಸದ್ದು ಚೆನ್ನಾಗಿದ್ದರೂ ಅದು ಗುಡಿಯ ವಸ್ತು, ತರಗತಿಯಲ್ಲಿ ಎಲ್ಲ ಮನೆಯ ಮಕ್ಕಳೂ ಇರುತ್ತಾರೆ. ಸೂಚನೆ ಇಷ್ಟೇ: "ಸದ್ದು ಪೂರಾ ಹೋತು ಅನಿಸಿದಾಗ ಕೈ ಎತ್ತರಿ." ಮೂರು ಸಲ ಮಾಡಿದ ಮೇಲೆ ಒಂದು ನಿಮಿಷ ಹೊರಗಿನ ಸದ್ದುಗಳನ್ನು ಕೇಳಿ ಎಣಿಸಲು ಹೇಳಬೇಕು. ಟ್ರ್ಯಾಕ್ಟರ್, ಅಡುಗೆಮನೆಯ ಕುಕ್ಕರ್, ಗುಬ್ಬಿ, ಬಳ್ಳಾರಿ-ಸಂಡೂರು ರಸ್ತೆಯ ಶಾಲೆಯಾದರೆ ಅದಿರು ಲಾರಿ. ಪಕ್ಕದ ಕೋಣೆಯ ಗದ್ದಲ ಈ ಅಭ್ಯಾಸಕ್ಕೆ ಅಡ್ಡಿಯಾಗುವುದಿಲ್ಲ, ಅದೂ ಎಣಿಕೆಗೆ ಸೇರುವ ಸದ್ದು. ನಿಶ್ಶಬ್ದ ಸಿಗಲಿ ಎಂದು ಕಾಯುವ ಶಿಕ್ಷಕರು ಎಂದೂ ಶುರುಮಾಡುವುದಿಲ್ಲ.

ಕೆಲವು ಮಕ್ಕಳು ಬೇಗ ಕೈ ಎತ್ತುತ್ತಾರೆ, ಪಕ್ಕದವನನ್ನು ನೋಡಿ ಎತ್ತುತ್ತಾರೆ. ತಿದ್ದಲು ಹೋಗಬೇಡಿ. "ಯಾರಿಗೆ ಇನ್ನೂ ಕೇಳಾಕ್ಹತ್ತಿತ್ತು?" ಎಂದು ಕೇಳಿದರೆ ಸಾಕು, ಮುಂದಿನ ಸಲ ಕಿವಿ ತಾನಾಗಿ ಚುರುಕಾಗುತ್ತದೆ.

ಮೂರನೆಯ ವಾರದಿಂದ ಉಸಿರು. ಇದರ ಹಿಂದಿನ ಶರೀರಶಾಸ್ತ್ರ ಸರಳ. ಉಸಿರು ಒಳಗೆಳೆದಾಗ ಎದೆಬಡಿತ ತುಸು ಚುರುಕಾಗುತ್ತದೆ, ಹೊರಬಿಟ್ಟಾಗ ನಿಧಾನವಾಗುತ್ತದೆ. ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಉಸಿರು ಬಿಡುವಾಗ ಹೆಚ್ಚು ಬಲವಾಗಿ ಕಡಿವಾಣ ಹಿಡಿಯುವುದೇ ಕಾರಣ. ಆದ್ದರಿಂದ ಶಾಂತವಾಗಿಸುವುದು ದೊಡ್ಡದಾಗಿ ಎಳೆದುಕೊಂಡ ಉಸಿರಲ್ಲ, ನಿಧಾನವಾಗಿ ಬಿಟ್ಟ ಉಸಿರು. "ಜೋರಾಗಿ ಉಸಿರು ತಗೋ" ಎಂಬ ಸೂಚನೆ ಅರ್ಧ ತಪ್ಪು. ಮಕ್ಕಳು ಭುಜ ಎತ್ತಿ, ಬುಸ್ಸೆಂದು ಪೈಪೋಟಿಗೆ ಬಿದ್ದು ಎಳೆಯುತ್ತಾರೆ. ಹತ್ತು ಸಲ ಹಾಗೆ ಮಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ.

ಹಾಲಿನ ಹೊತ್ತು ಇಲ್ಲಿ ಒದಗುತ್ತದೆ. ಲೋಟ ಬಿಸಿಯಿರುವಾಗ "ಹಾಲು ಆರಿಸಿದಂಗ ಮೆಲ್ಲಕ ಊದು, ಚೆಲ್ಲಬಾರದು" ಎಂದರೆ ಮಗುವಿಗೆ ವಿವರಣೆಯೇ ಬೇಡ. ತುಟಿ ಸಣ್ಣದಾಗುತ್ತದೆ, ಉಸಿರು ಉದ್ದವಾಗುತ್ತದೆ. ಐದು ಸಲ ಊದುವಷ್ಟರಲ್ಲಿ ಪಾಠ ಮುಗಿಯಿತು. ಮುಂದೆ ಲೋಟ ಇಲ್ಲದಾಗಲೂ "ಹಾಲು ಆರಿಸು" ಎಂಬ ಎರಡು ಪದ ಸಾಕು. ಪರೀಕ್ಷೆಯ ಮುಂಚೆ, ವೇದಿಕೆ ಹತ್ತುವ ಮುಂಚೆ, ಜಗಳದ ನಡುವೆ ಅದೇ ಸೂಚನೆ.

ನಾಲ್ಕನೆಯ ತರಗತಿಯಿಂದ ಮೇಲಿನವರಿಗೆ ಬೆರಳುಸಿರು ಕಲಿಸಬಹುದು. ಎಡಗೈ ಚಾಚಿ, ಬಲಗೈ ತೋರುಬೆರಳಿಂದ ಹೆಬ್ಬೆರಳಿನ ಬುಡದಿಂದ ಏರುತ್ತಾ ಉಸಿರು ಒಳಗೆ, ಇಳಿಯುತ್ತಾ ಹೊರಗೆ. ಹೀಗೆ ಐದು ಬೆರಳು. ಒಳಗೆ 3 ಎಣಿಕೆ, ಹೊರಗೆ 4. ಒಟ್ಟು 35 ಸೆಕೆಂಡು. ದೊಡ್ಡವರ ಪುಸ್ತಕಗಳಲ್ಲಿ ಬರುವ 4-7-8ರಂಥ ಎಣಿಕೆ (4 ಎಣಿಸುತ್ತಾ ಎಳೆದು, 7 ಎಣಿಸುವವರೆಗೆ ಹಿಡಿದು, 8 ಎಣಿಸುತ್ತಾ ಬಿಡುವುದು) ಮಕ್ಕಳಿಗೆ ಹೊರೆ. ಪ್ರಾಥಮಿಕ ಶಾಲೆಯ ಮಗು ಸುಮ್ಮನೆ ಕೂತಾಗಲೂ ನಿಮಿಷಕ್ಕೆ ಸುಮಾರು 18ರಿಂದ 25 ಸಲ ಉಸಿರಾಡುತ್ತದೆ, ಅಂದರೆ ಒಂದು ಉಸಿರಿಗೆ ಮೂರೇ ಸೆಕೆಂಡು. ಅದನ್ನು ಏಳಕ್ಕೆ ಎಳೆಯುವುದೇ ದೊಡ್ಡ ಬದಲಾವಣೆ. ಉಸಿರು ಕಟ್ಟಿ ಹಿಡಿಯುವುದನ್ನು ಪೂರ್ತಿ ಬಿಟ್ಟುಬಿಡಿ. ದಮ್ಮು ಇರುವ ಮಗುವಿಗೆ, ಮೂಗು ಕಟ್ಟಿದ ಮಗುವಿಗೆ ಉಸಿರ ಮೇಲಿನ ಗಮನವೇ ದಿಗಿಲು ತರಬಹುದು. ಆ ಮಗು ಅಂಗಾಲು ನೆಲಕ್ಕೊತ್ತಿ ನೆಲದ ತಂಪನ್ನೋ ಬಿಸಿಯನ್ನೋ ಗಮನಿಸಲಿ.

ಏಪ್ರಿಲ್ಲಿನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ, ತಗಡಿನ ಮಾಡಿನ ಕೆಳಗೆ ಉಸಿರಾಟದ ಅಭ್ಯಾಸ ಹಿಂಸೆ. ಆಗ ನೀರು. ಹರವಿಯ ನೀರನ್ನು ಒಂದು ಗುಟುಕು ಬಾಯಲ್ಲಿ ಹಿಡಿದು, ನುಂಗಿ, ತಂಪು ಎಲ್ಲಿವರೆಗೆ ಇಳಿಯಿತು ಎಂದು ಬೆರಳಲ್ಲಿ ತೋರಿಸುವುದು. ಗಂಟಲ ಹತ್ತಿರ ನಿಲ್ಲಿಸುವವರು, ಹೊಟ್ಟೆಯವರೆಗೆ ತೋರಿಸುವವರು, ಎಲ್ಲರೂ ಸರಿ.

ಅನಿಸಿದ್ದಕ್ಕೊಂದು ಹೆಸರು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಭಾಗ ಇದು. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಒಂದು ಮಿದುಳು ಅಧ್ಯಯನದಲ್ಲಿ, ಸಿಟ್ಟಿನ ಅಥವಾ ಅಂಜಿಕೆಯ ಮುಖಚಿತ್ರ ನೋಡಿದ ವಯಸ್ಕರು ಆ ಭಾವನೆಗೆ ಹೆಸರು ಕೊಟ್ಟಾಗ, ಅಪಾಯದ ಗಂಟೆ ಬಾರಿಸುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗಿದ್ದು ಕಂಡಿತು. ಹೆಸರಿಡುವ ಕ್ರಿಯೆಯೇ ಬಿಗಿಯನ್ನು ಸಡಿಲಿಸುತ್ತದೆ. ಆದರೆ ಹೆಸರಿಡಲು ಪದ ಬೇಕು. "ಹೆಂಗನಿಸ್ತು?" ಎಂದು ಕೇಳಿದರೆ ತರಗತಿಯಲ್ಲಿ ಬರುವ ಉತ್ತರ ಎರಡೇ: "ಚೊಲೊ ಅನಿಸ್ತು", "ಬ್ಯಾಸರಾತು". ಬ್ಯಾಸರ ಎಂಬ ಒಂದೇ ಗೋಣಿಚೀಲದಲ್ಲಿ ದುಃಖ, ಅವಮಾನ, ಆಯಾಸ, ಒಂಟಿತನ, ಹಸಿವು ಎಲ್ಲ ತುಂಬಿರುತ್ತವೆ. ಹಸಿದ ಮಗುವಿಗೂ ಅವಮಾನವಾದ ಮಗುವಿಗೂ ಮಾಡಬೇಕಾದ್ದು ಬೇರೆ ಬೇರೆಯಾದ್ದರಿಂದ ಚೀಲ ಬಿಚ್ಚಲೇಬೇಕು.

ಮುಖ ನಗುವ, ಅಳುವ ಹಳದಿ ಚಿತ್ರಗಳ ಚಾರ್ಟು ಪೇಟೆಯಲ್ಲಿ ಸಿಗುತ್ತದೆ, ಆದರೆ ಕನ್ನಡಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇದೆ. ನಮ್ಮ ಭಾಷೆ ಭಾವನೆಯನ್ನು ಮೈಯಲ್ಲೇ ಇಟ್ಟಿದೆ. ಹೊಟ್ಟೆಕಿಚ್ಚು, ತಲೆಬಿಸಿ, ಮೈಯುರಿ, ಎದೆ ಧಸಕ್ ಅನ್ನುವುದು, ಗಂಟಲು ಬಿಗಿಯುವುದು, ಕೈಕಾಲು ತಣ್ಣಗಾಗುವುದು, ಮಾರಿ ಸಣ್ಣದಾಗುವುದು. ಆದ್ದರಿಂದ "ಏನನಿಸ್ತು" ಎಂಬುದಕ್ಕಿಂತ ಮೊದಲು "ಎಲ್ಲಿ ಅನಿಸ್ತು?" ಎಂದು ಕೇಳಿ. ಬಿಳಿ ಹಾಳೆಯಲ್ಲಿ ಒಂದು ಮೈಯ ಗೆರೆಚಿತ್ರ. ಅದರ ಮೇಲೆ ಮಗು ತನ್ನ ಹೆಸರಿನ ಡಬ್ಬಿಯಿಂದ ಹುಣಸೆ ಬೀಜ ತೆಗೆದು ಇಡಲಿ. ಹೊಟ್ಟೆಯ ಮೇಲಿಟ್ಟರೆ "ಉರಿ ಅನಿಸ್ತೋ, ಕಲಸಿದಂಗಾತೋ, ಖಾಲಿ ಅನಿಸ್ತೋ?" ಅಲ್ಲಿಂದ ಪದ ತಾನಾಗಿ ಬರುತ್ತದೆ. ಮಾತಾಡಲು ನಾಚುವ ಮಗು ಬೀಜ ಇಡಲು ನಾಚುವುದಿಲ್ಲ.

ವಾರಕ್ಕೆ ಎರಡೇ ಪದ ಸಾಕು. ಎಂಟು ವಾರಕ್ಕೆ ಹದಿನಾರಾದವು. ಹತ್ತಿರದ ಪದಗಳನ್ನು ಜೋಡಿಯಾಗಿ ಕಲಿಸುವುದು ಲೇಸು: ಅಂಜಿಕೆ ಮತ್ತು ನಾಚಿಕೆ, ಸಿಟ್ಟು ಮತ್ತು ಮುನಿಸು, ಬ್ಯಾಸರ ಮತ್ತು ದಣಿವು, ಹೊಟ್ಟೆಕಿಚ್ಚು ಮತ್ತು ಆಸೆ. ಜೋಡಿಯ ವ್ಯತ್ಯಾಸ ಹೇಳುವಾಗಲೇ ಕಲಿಕೆ ಆಗುವುದು. ಮುನಿಸಿನಲ್ಲಿ ಎದುರಿನವರು ಬಂದು ಮಾತಾಡಿಸಲಿ ಎಂಬ ಆಸೆ ಇರುತ್ತದೆ, ಸಿಟ್ಟಿನಲ್ಲಿ ಇರುವುದಿಲ್ಲ. ಇದನ್ನು ಐದನೆಯ ತರಗತಿಯ ಮಕ್ಕಳು ತಾವೇ ಕಂಡುಹಿಡಿಯಬಲ್ಲರು. ಆಮೇಲೆ ಏಣಿ: ಸಿಡಿಮಿಡಿ, ಸಿಟ್ಟು, ರೋಷ. ಆಡುತ್ತಾ ಹಂತಹಂತವಾಗಿ ಕಲಿಸುವ ನಲಿಕಲಿ ಪದ್ಧತಿಯ ಮಕ್ಕಳಿಗೆ ಕಲಿಕಾ ಏಣಿ ಗೊತ್ತಿರುವುದರಿಂದ ಈ ಮೆಟ್ಟಿಲು ಸಲೀಸು. ಸಿಡಿಮಿಡಿಯ ಮೆಟ್ಟಿಲಲ್ಲಿ "ಹಾಲು ಆರಿಸು" ಕೆಲಸ ಮಾಡುತ್ತದೆ, ರೋಷದ ಮೆಟ್ಟಿಲಲ್ಲಿ ಮಾಡುವುದಿಲ್ಲ. ಅಲ್ಲಿ ಮಗುವನ್ನು ಹೊರಗೆ ನಡೆದಾಡಿಸಬೇಕು, ಅಷ್ಟೇ.

ಮನೆಮಾತಿನ ವಿಚಾರ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಬಳ್ಳಾರಿ, ರಾಯಚೂರಿನ ತರಗತಿಗಳಲ್ಲಿ ತೆಲುಗು, ಉರ್ದು ಮನೆಮಾತಿನ ಮಕ್ಕಳು ಧಾರಾಳ. ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳಿಗೆ ಅಳುವ ಭಾಷೆಯೂ ಜಗಳದ ಭಾಷೆಯೂ ಗೋರ್ ಮಾತೇ. ಎರಡನೆಯ ಭಾಷೆಯಲ್ಲಿ ಹೇಳಿದ ಭಾವನೆ ತುಸು ದೂರದ್ದಾಗಿ ಉಳಿಯುತ್ತದೆ. ಚಾರ್ಟಿನಲ್ಲಿ ಸಿಟ್ಟಿನ ಪಕ್ಕ ಕೋಪಂ, ಗುಸ್ಸಾ ಎಂದೂ ಬರೆಯಿರಿ, ತಾಂಡಾದ ಮಗುವನ್ನು ಕೇಳಿ ಅದರ ಪದವನ್ನೂ ಸೇರಿಸಿರಿ. ಶಿಕ್ಷಕರಿಗೆ ಗೊತ್ತಿಲ್ಲದ ಪದವನ್ನು ಮಗು ಕಲಿಸಿದ ದಿನ ಆ ಮಗು ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ನೋಡಬಹುದು. ಪುಸ್ತಕದ ಪದಗಳನ್ನು, ಉದಾಹರಣೆಗೆ "ಉದ್ವೇಗ", "ಹತಾಶೆ", ಆರನೆಯ ತರಗತಿಯ ಕೆಳಗೆ ತರುವ ಅಗತ್ಯವಿಲ್ಲ.

ಜಗಳ ಬಗೆಹರಿಸುವ ನಾಲ್ಕು ಪ್ರಶ್ನೆ

"ಏನಾತು? ನಿನಗ ಹೆಂಗನಿಸ್ತು? ನಿನಗೇನು ಬೇಕಿತ್ತು? ಈಗ ಏನು ಮಾಡೂಣು?" ಈ ನಾಲ್ಕನ್ನು ಇದೇ ಕ್ರಮದಲ್ಲಿ ಇಬ್ಬರನ್ನೂ ಕೇಳಬೇಕು. ಒಬ್ಬರು ಹೇಳುವಾಗ ಇನ್ನೊಬ್ಬರು ಕೇಳಿ, ಕೇಳಿದ್ದನ್ನು ತಮ್ಮ ಮಾತಲ್ಲಿ ತಿರುಗಿ ಹೇಳಬೇಕು. "ಯಾಕ ಹೊಡದಿ?" ಎಂಬ ಪ್ರಶ್ನೆ ಈ ಪಟ್ಟಿಯಲ್ಲಿಲ್ಲ. ಯಾಕೆ ಎಂಬುದಕ್ಕೆ ಮಗು ಕೊಡುವುದು ಸಬೂಬು, ಇಲ್ಲವೇ ಮೌನ.

ಹೆಚ್ಚಾಗಿ ಕೆಡುವುದು ಹೊತ್ತಿನ ವಿಷಯದಲ್ಲಿ. ಕೈಕೈ ಮಿಲಾಯಿಸಿದ ಐದೇ ನಿಮಿಷಕ್ಕೆ ಇಬ್ಬರನ್ನೂ ನಿಲ್ಲಿಸಿ ಈ ಪ್ರಶ್ನೆ ಕೇಳಿದರೆ ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ. ಮೈಯೊಳಗಿನ ಅಡ್ರಿನಲಿನ್ ಇಳಿಯಬೇಕು, ಯೋಚಿಸಿ ತೂಗುವ ಮಿದುಳಿನ ಮುಂಭಾಗ ಮತ್ತೆ ಕೆಲಸಕ್ಕೆ ಬರಬೇಕು. ಆ ಭಾಗ ಪೂರ್ತಿ ಬೆಳೆಯುವುದೇ ಇಪ್ಪತ್ತೈದರ ಆಸುಪಾಸಿನಲ್ಲಿ; ಎಂಟು ವರ್ಷದವನಲ್ಲಿ ಅದು ಇನ್ನೂ ಎಳೆಯ ಪೈರು. ಕನಿಷ್ಠ 15-20 ನಿಮಿಷ ಬೇರೆ ಬೇರೆ ಕೆಲಸಕ್ಕೆ ಹಚ್ಚಿ: ಒಬ್ಬ ಗಿಡಕ್ಕೆ ನೀರು, ಇನ್ನೊಬ್ಬ ಪುಸ್ತಕ ಜೋಡಣೆ. ಆಮೇಲೆ ಪ್ರಶ್ನೆ.

"ಸಾರಿ ಅನ್ನು, ಕೈ ಕುಲುಕು" ಎಂದು ಒತ್ತಾಯಿಸುವುದನ್ನು ಬಿಡಬೇಕು. ಬಾಯಿ ಸಾರಿ ಅಂದು ಕಣ್ಣು ಸೇಡು ಹೇಳುತ್ತಿರುತ್ತದೆ. ಅದರ ಬದಲು ಕೆಟ್ಟದ್ದನ್ನು ಸರಿಮಾಡುವ ಕೆಲಸ: ನೋಟ್‌ಬುಕ್ ಹರಿದಿದ್ದರೆ ಅಂಟು ತಂದು ಹಚ್ಚುವುದು, ಹಾಲು ಚೆಲ್ಲಿದ್ದರೆ ಒರೆಸಿ, ತನ್ನ ಸರದಿ ಬಿಟ್ಟುಕೊಡುವುದು.

ಇದನ್ನು ನಿಜವಾದ ಜಗಳದ ದಿನ ಕಲಿಸಲಾಗದು, ಮೊದಲೇ ಆಡಿ ರೂಢಿಯಾಗಿರಬೇಕು. ಗೊಂಬೆ ಇದಕ್ಕೆ ಅತ್ಯುತ್ತಮ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಉಳಿಯುವ ಕತ್ತರಿಕೆ ಬಟ್ಟೆ ಗಟ್ಟಿ, ಎರಡು ಕೈಗೊಂಬೆಗೆ ಸಣ್ಣ ತುಂಡುಗಳು ಸಾಕು. ಗುಂಡಿಯ ಕಣ್ಣು, ನೂಲಿನ ಕೂದಲು. ತೊಗಲುಗೊಂಬೆಯಾಟ ಕಂಡ ಸೀಮೆ ಇದು, ಕೊಪ್ಪಳದ ಕಿನ್ನಾಳದಲ್ಲಿ ಇಂದಿಗೂ ಮರದ ಗೊಂಬೆ ಕೆತ್ತುತ್ತಾರೆ. ಗೊಂಬೆ ಮಾತಾಡಿದರೆ ಕೇಳುವ ರೂಢಿ ಇಲ್ಲಿನ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಗೊಂಬೆಗಳಿಗೆ ತರಗತಿಯಲ್ಲಿ ಇಲ್ಲದ ಹೆಸರಿಡಿ, ನಿನ್ನೆ ತರಗತಿಯಲ್ಲೇ ಆದ ಜಗಳವನ್ನು ಆಡಿಸಬೇಡಿ. ಇಬ್ಬರು ಮಕ್ಕಳಿಗೆ ಅದು ಎಲ್ಲರೆದುರಿನ ಪಂಚಾಯ್ತಿಯಾಗುತ್ತದೆ. ಲಗೋರಿಯಲ್ಲಿ ಯಾರು ಮೊದಲು ಎಂಬ ಜಗಳ, ಕುಂಟೆಬಿಲ್ಲೆಯ ಗೆರೆ ತುಳಿದ ಜಗಳ, ಇಂಥವು ಬೇಕಾದಷ್ಟಿವೆ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಈ ಆಟಕ್ಕೆ ತಕ್ಕ ದಿನ.

ಎಲ್ಲಿ ಮುರಿಯುತ್ತದೆ

ಶಿಕ್ಷೆಯಾಗಿ ಬಳಸಿದ ಕ್ಷಣಕ್ಕೆ ಎಲ್ಲವೂ ಮುರಿಯುತ್ತದೆ. "ಗದ್ಲ ಮಾಡೀರಿ, ಹತ್ತು ನಿಮಿಷ ಕಣ್ಣು ಮುಚ್ಚಿ ಕೂಡ್ರಿ" ಎಂದು ಒಮ್ಮೆ ಹೇಳಿದರೆ ಮುಂದೆಂದೂ ಮಕ್ಕಳು ಅದನ್ನು ತಮ್ಮದೆಂದು ತೆಗೆದುಕೊಳ್ಳುವುದಿಲ್ಲ. ಬೆತ್ತ ಕೈಯಲ್ಲಿ ಹಿಡಿದ ಶಿಕ್ಷಕರು ಶಾಂತಿಯ ಅಭ್ಯಾಸ ಮಾಡಿಸುವುದಂತೂ ಆಗದ ಮಾತು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಕಾಯ್ದೆಯ ಮಾತು ಬದಿಗಿಟ್ಟರೂ, ಹೊಡೆತಕ್ಕೆ ಕಾಯುತ್ತಿರುವ ಮೈ ಎಂದೂ ಸಡಿಲಾಗುವುದಿಲ್ಲ.

ಕಣ್ಣು ಮುಚ್ಚಲೇಬೇಕು ಎಂಬ ನಿಯಮವೂ ಬೇಡ. ಮನೆಯಲ್ಲಿ ಕುಡಿತದ ಗಲಾಟೆ ಕಂಡ ಮಗುವಿಗೆ, ಯಾರಿಂದಲೋ ಕೆಟ್ಟ ಸ್ಪರ್ಶ ಅನುಭವಿಸಿದ ಮಗುವಿಗೆ ಕಣ್ಣು ಮುಚ್ಚಿದೊಡನೆ ಅದೇ ಚಿತ್ರ ಏಳಬಹುದು. "ಮುಚ್ಚಬೇಕನಿಸಿದ್ರ ಮುಚ್ಚರಿ, ಇಲ್ಲಾಂದ್ರ ನೆಲ ನೋಡ್ರಿ" ಎಂಬ ಆಯ್ಕೆ ಪ್ರತಿ ಸಲವೂ ಇರಲಿ. ಮಂತ್ರ, ಭಜನೆ, ದೇವರ ಹೆಸರು ಬೆರೆಸಬಾರದು. ಪೂರ್ಣ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಜೊತೆಗೆ, ಒಂದು ಮನೆಯವರಿಗೆ ಅನುಮಾನ ಬಂದರೂ ಮಗು ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ. ಶುರುಮಾಡುವ ಮೊದಲು ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಸಭೆಯಲ್ಲಿ ತಟ್ಟೆಯ ಸದ್ದಿನ ಅಭ್ಯಾಸವನ್ನು ತಂದೆತಾಯಿಯರಿಗೇ ಮಾಡಿಸಿ ತೋರಿಸಿದರೆ ಐದು ನಿಮಿಷದಲ್ಲಿ ಅನುಮಾನ ಕರಗುತ್ತದೆ.

ಮೂರನೆಯದು ಹಸಿವು ಮತ್ತು ದಣಿವನ್ನು ಗಮನದ ಕೊರತೆ ಎಂದು ತಿಳಿಯುವುದು. ರಾಜ್ಯದ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದು ಈ ಭಾಗದ ಜಿಲ್ಲೆಗಳಲ್ಲೇ, ಅದಕ್ಕೆ ಕಾರಣವಿತ್ತು. ಹತ್ತಿಬೀಜದ ಕ್ರಾಸಿಂಗ್ ಹಂಗಾಮಿನಲ್ಲಿ ಹಿಂದಿನ ಸಂಜೆ ಹೂವಿನ ಕೇಸರ ಕಿತ್ತು, ಬೆಳಗ್ಗೆ ಪರಾಗ ಸವರುವ ಕೆಲಸವಿರುತ್ತದೆ. ಸಣ್ಣ ಬೆರಳು ಬೇಕೆಂದು ಮಗುವನ್ನು ಹೊಲಕ್ಕೆ ಒಯ್ದಿದ್ದರೆ ಅದು ತರಗತಿಯಲ್ಲಿ ತೂಕಡಿಸದೆ ಏನು ಮಾಡೀತು? ಆ ಮಗುವಿಗೆ ಬೇಕಾದ್ದು ನಿದ್ದೆ, ಮತ್ತು ಮನೆಯವರೊಡನೆ ಮಾತಾಡುವ ಶಿಕ್ಷಕರು. ಉಸಿರಾಟ ಕಲಿಸಿ ಬಡತನವನ್ನು ಸಹಿಸುವಂತೆ ಮಾಡುವುದು ಈ ಪಾಠದ ಉದ್ದೇಶ ಆಗಲೇಬಾರದು.

ಇನ್ನೊಂದು ಎಚ್ಚರ. ಭಾವನೆಯ ಮಾತು ಶುರುವಾದರೆ ಒಂದಲ್ಲ ಒಂದು ದಿನ ಯಾವುದೋ ಮಗು ದೊಡ್ಡ ಸಂಗತಿಯನ್ನೇ ಹೇಳುತ್ತದೆ. ವೃತ್ತದಲ್ಲಿ ಕೂತಾಗ "ಮನ್ಯಾಗ ಏನಾತು ಹೇಳು" ಎಂದು ಎಂದೂ ಕೇಳಬಾರದು. ಮಗು ತಾನೇ ಹೇಳಲು ಶುರುಮಾಡಿದರೆ "ಇದು ಮುಖ್ಯದ ಮಾತೈತಿ, ಊಟ ಆದ ಮ್ಯಾಲೆ ನಾವಿಬ್ರ ಮಾತಾಡೂಣು" ಎಂದು ಮೆಲ್ಲಗೆ ನಿಲ್ಲಿಸಿ, ಹೇಳಿದ ಹೊತ್ತಿಗೆ ತಪ್ಪದೆ ಕೂರಬೇಕು. "ಯಾರಿಗೂ ಹೇಳೂದಿಲ್ಲ" ಎಂಬ ಭಾಷೆ ಕೊಡಬಾರದು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿಸುವುದು ಶಿಕ್ಷಕರ ಕಾನೂನುಬದ್ಧ ಹೊಣೆ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಮಗು ವಾರಗಟ್ಟಲೆ ಊಟ ಬಿಟ್ಟರೆ, ಆಟ ಬಿಟ್ಟರೆ, ಸಾಯುವ ಮಾತಾಡಿದರೆ ತರಗತಿಯ ಅಭ್ಯಾಸದಿಂದ ಗುಣವಾಗಲಿ ಎಂದು ಕಾಯಬಾರದು.

ಎಷ್ಟು ದಿನ, ಗೊತ್ತಾಗುವುದು ಹೇಗೆ

ಹನ್ನೆರಡು ವಾರದ ಅಂದಾಜು ಹೀಗಿರಲಿ. ಎರಡು ವಾರ ಸದ್ದು, ಎರಡು ವಾರ ಉಸಿರು, ಇವಕ್ಕೆ ದಿನಕ್ಕೆ 3ರಿಂದ 5 ನಿಮಿಷ. ಆಮೇಲಿನ ಎಂಟು ವಾರ ವಾರಕ್ಕೆ ಮೂರು ದಿನ 10 ನಿಮಿಷ ಭಾವನೆಯ ಪದಗಳು, ಅದರ ಕೊನೆಯ ನಾಲ್ಕು ವಾರಗಳಲ್ಲಿ ಗೊಂಬೆಯಾಟದ ಜಗಳಗಳೂ ಸೇರಲಿ. ಸದ್ದು, ಉಸಿರು ಎಂದೂ ನಿಲ್ಲುವುದಿಲ್ಲ. ಅರ್ಧ ಗಂಟೆಯ ಒಂದು ದೊಡ್ಡ ಪಾಠಕ್ಕಿಂತ ಆರು ದಿನ ಐದೈದು ನಿಮಿಷ ಮೇಲು.

ಅಂಕ ಕೊಡಬೇಡಿ. "ಯಾರು ಶಾಂತ ಕೂತ್ರೋ ಅವರಿಗೆ ಸ್ಟಾರ್" ಎಂದರೆ ಮಕ್ಕಳು ಶಾಂತರಂತೆ ನಟಿಸುವುದನ್ನು ಕಲಿಯುತ್ತಾರೆ. ಅದರ ಬದಲು ಮೂರು ಸಂಗತಿ ಬರೆದಿಡಬಹುದು: ಊಟದ ನಂತರದ ಗಂಟೆಯಿಂದ ತರಗತಿ ಪಾಠಕ್ಕೆ ಕೂರುವವರೆಗಿನ ಸೆಕೆಂಡುಗಳು, ವಾರಕ್ಕೆ ಶಿಕ್ಷಕರವರೆಗೆ ಬಂದ ಜಗಳಗಳ ಸಂಖ್ಯೆ, ಅದರಲ್ಲಿ ಮಕ್ಕಳೇ ನಾಲ್ಕು ಪ್ರಶ್ನೆ ಹಾಕಿಕೊಂಡು ಮುಗಿಸಿದವು ಎಷ್ಟು. ಮೊದಲ ತಿಂಗಳು ದೂರುಗಳು ಹೆಚ್ಚಾಗುವ ಸಂಭವವಿದೆ, ಅದನ್ನು ಸೋಲೆಂದು ತಿಳಿಯಬಾರದು. ಮೊದಲು ನುಂಗಿಕೊಳ್ಳುತ್ತಿದ್ದ ಮಕ್ಕಳು ಈಗ ಹೇಳುತ್ತಿದ್ದಾರೆ.

ಶಿಕ್ಷಕರ ಪಾಲಿನ ಅಭ್ಯಾಸಕ್ಕೆ ಪ್ರತ್ಯೇಕ ಹೊತ್ತು ಬೇಡ. ತರಗತಿಯ ಹೊಸ್ತಿಲಲ್ಲಿ ನಿಂತು ಮೂರು ಉದ್ದ ಉಸಿರು ಬಿಟ್ಟು ಒಳಗೆ ಕಾಲಿಡುವುದು, ಮತ್ತು ಸಿಟ್ಟು ಬಂದಾಗ ಅದನ್ನು ಬಾಯಿಬಿಟ್ಟು ಹೇಳುವುದು: "ನನಗೀಗ ಸಿಟ್ಟು ಬಂದೈತಿ, ಸ್ವಲ್ಪ ಹಾಲು ಆರಿಸ್ತೀನಿ." ಹದಿನಾರು ಪದಗಳ ಚಾರ್ಟಿಗಿಂತ ಈ ಒಂದು ವಾಕ್ಯ ಹೆಚ್ಚು ಕಲಿಸುತ್ತದೆ.

ಈ ಜಿಲ್ಲೆಗಳಲ್ಲಿ ಹನ್ನೆರಡು ವಾರವೂ ಎಲ್ಲ ಮಕ್ಕಳು ತರಗತಿಯಲ್ಲಿ ಸಿಗುವುದಿಲ್ಲ. ಗುಳೆ ಹೋದ ಮನೆಯ ಮಗು ತಂದೆತಾಯಿಯ ಜೊತೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ತಿಂಗಳುಗಳ ನಂತರ ಮರಳುತ್ತದೆ. ಕೆಲವರು ಊರಲ್ಲೇ ಅಜ್ಜಿಯ ಜೊತೆ ಉಳಿದು ಸುಮ್ಮನಾಗಿಬಿಡುತ್ತಾರೆ. ಹೋದ ಮಗುವಿನ ಹೆಸರಿನ ಹುಣಸೆ ಬೀಜದ ಡಬ್ಬಿಯನ್ನು ಎತ್ತಿಡಬೇಡಿ, ಅದರ ಜಾಗದಲ್ಲೇ ಇರಲಿ. ಮರಳಿದ ದಿನ "ಇಷ್ಟು ದಿನ ಎಲ್ಲಿದ್ದಿ, ಏನೇನು ತಪ್ಪಿಸಿಕೊಂಡಿ" ಎಂಬ ಲೆಕ್ಕ ಬೇಡ, ಎಲ್ಲರೆದುರು ಕತೆ ಹೇಳಿಸುವುದೂ ಬೇಡ. ಪ್ರಾರ್ಥನೆ ಮುಗಿದು ಒಳಬಂದಾಗ ತಟ್ಟೆಯನ್ನೂ ಚಮಚವನ್ನೂ ಆ ಮಗುವಿನ ಕೈಗೆ ಕೊಡಿ. ಅಂಚಲ್ಲಿ ಹಿಡಿಯುವುದು ಹೇಗೆ ಎಂದು ಪಕ್ಕದ ಮಗು ತೋರಿಸಲಿ. ಅದು ಬಾರಿಸಲಿ, ಉಳಿದವರು ಕೇಳಲಿ.